ತೋಟಕ್ಕೆ ಬಿಡುವ ದಯೆ

‘ಮೊಲ ತಾನೇ, ತೋಟಕ್ಕೆ ಬಿಟ್ಬಿಡಮ್ಮ. ಹುಲ್ಲು ತಿನ್ಕಂಡು ಇರ್ತೈತೆ.’ ಹೊನ್ನವಳ್ಳಿಯಲ್ಲಿ ಈ ಬೇಸಿಗೆಯಲ್ಲಿ ಇದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ದಯೆಯಿಂದಲೇ ಹೇಳುತ್ತಾರೆ. ನನ್ನ ಜಗಳ ಇರುವುದು ಆ ದಯೆಯ ಜೊತೆಗೇ.

ನಮ್ಮಲ್ಲಿ ಪದ ಒಂದು, ಪ್ರಾಣಿ ಎರಡು. ರಾತ್ರಿ ಹೊಲದ ಬದುವಿನಲ್ಲಿ ಟಾರ್ಚಿನ ಬೆಳಕಿಗೆ ಚಂಗನೆ ನೆಗೆಯುವುದು ಕಾಡುಮೊಲ. ಅದು ಬಿಲ ತೋಡುವುದಿಲ್ಲ; ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ್ದು ಇದೇ ವಂಶದ್ದು. ಮಕ್ಕಳ ಹುಟ್ಟುಹಬ್ಬಕ್ಕೆಂದು ಪೇಟೆಯಿಂದ ತರುವ ಬಿಳಿ ಮೊಲವಾದರೋ ಯೂರೋಪಿನ ಬಿಲವಾಸಿಯ ಸಂತತಿ. ಇದರ ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಎರಡರ ಕುಲವೇ ಬೇರೆ, ಕೂಡಿದರೂ ಮರಿಯಾಗದು. ಪಂಜರದಲ್ಲೇ ಬೆಳೆದ ಇದನ್ನು ತೆಂಗಿನ ತೋಟಕ್ಕೆ ಬಿಡುವುದೆಂದರೆ ನಾಯಿಗೋ ಮುಂಗುಸಿಗೋ ಬಡಿಸಿದಂತೆ.

ನಾನು ತಂದದ್ದು ಒಬ್ಬರ ಕೊಬ್ಬರಿ ಅಟ್ಟದ ಕೆಳಗೆ ತಂತಿ ಪಂಜರದಲ್ಲಿತ್ತು. ಸುರುಳಿ ಸುತ್ತಿದ ಉಗುರು, ಹಿಂಗಾಲಿನ ಅಡಿಯಲ್ಲಿ ಹುಣ್ಣು. ಮುಂದಿನ ಹಲ್ಲು ಬಾಗಿ ಬಾಯಿ ಮುಚ್ಚಲಾಗುತ್ತಿರಲಿಲ್ಲ. ಎದುರಿಗೆ ಬಾಡಿದ ಕ್ಯಾರೆಟ್ಟು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಹುಲ್ಲು ಅಗಿದಗಿದೇ ಸವೆಯಬೇಕು. ಕ್ಯಾರೆಟ್ಟು ಅದಕ್ಕೆ ಮಿಠಾಯಿ ಇದ್ದಂತೆ. ಹೇಳಿದರೆ, ‘ಕಾರ್ಟೂನಲ್ಲೆಲ್ಲ ಅದನ್ನೇ ತಿನ್ತೈತಲ್ಲ’ ಎಂದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಪಶುವೈದ್ಯರು ಹಲ್ಲು, ಉಗುರು ಸರಿಮಾಡಿದರು. ಉಳಿದದ್ದು ನಮ್ಮ ಮನೆಯ ಕೆಲಸ: ತಂತಿಯ ಬದಲು ರಾಗಿ ಹುಲ್ಲಿನ ಹಾಸು, ಬೋಗುಣಿಯಲ್ಲಿ ನೀರು, ಹಗಲಿರುಳು ಗರಿಕೆ. ಅರ್ಧ ದಿನ ತಿನ್ನದಿದ್ದರೆ ಮೊಲದ ಕರುಳು ಕೆಲಸ ನಿಲ್ಲಿಸಬಹುದು. ವಾಂತಿ ಮಾಡಿಕೊಳ್ಳಲೂ ಅದಕ್ಕೆ ಬಾರದು. ಹಾಗಾಗಿ ಬೆಳಿಗ್ಗೆ ಎದ್ದವಳೇ ಹಿಕ್ಕೆ ಎಣಿಸುವುದು. ಪಿಎಚ್‌.ಡಿ.ಯಲ್ಲಿ ದತ್ತಾಂಶ ಸಂಗ್ರಹ ಎನ್ನುತ್ತಾರಲ್ಲ, ಅದೇ.

ನಮ್ಮವರಿಗೆ ತಾಳ್ಮೆಯಿಲ್ಲ ಎನ್ನಲಾಗದು. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಕಾಯುತ್ತಾರೆ. ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದಿನಿಂದಲೇ ಒಳಗೇನಾಗಿದೆಯೆಂದು ಹೇಳುತ್ತಾರೆ. ಅದೇ ಅಟ್ಟದ ಕೆಳಗಿನ ಜೀವಕ್ಕೆ ಸದ್ದಿಲ್ಲ. ನಾಯಿ ಊಳಿಡುತ್ತದೆ, ಹಸು ಅಂಬಾ ಎನ್ನುತ್ತದೆ, ಮೊಲ ನೋವನ್ನು ಬಚ್ಚಿಟ್ಟುಕೊಂಡು ಮೂಲೆ ಸೇರುತ್ತದೆ. ಈ ಮೌನವನ್ನೇ ಅಂಗಡಿಯವರು ‘ಏನೂ ತೊಂದರೆ ಕೊಡಲ್ಲ’ ಎಂದು ಮಾರುತ್ತಾರೆ. ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯದು ಎಂಬ ಮಾತು ಮಾತ್ರ ಅವರ ಬಾಯಿಂದ ಬರುವುದಿಲ್ಲ.

ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಇಕ್ಕಟ್ಟಿನ ಪಂಜರವೂ ಅಪರಾಧ, ಮೇವು ನೀರು ಕೊಡದಿರುವುದೂ ಅಪರಾಧ. ಹಸಿದು ಸಾಯಲೆಂಬಂತೆ ಬಿಟ್ಟುಬರುವುದೂ ಅಪರಾಧವೇ, ತೋಟಕ್ಕೆ ಬಿಡುವವರು ಗಮನಿಸಬೇಕು. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಒಂದು ಎಳನೀರಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ.

ಮೊನ್ನೆ ಅದರ ಹಳೆಯ ಮನೆಯವರು ಬಂದಿದ್ದರು. ‘ಈಗ ಚೆನ್ನಾಗೈತಲ್ಲ, ಕೊಟ್ಬಿಡಮ್ಮ, ಮಗ ಕೇಳ್ತೈತೆ.’

ಕೊಡಲ್ಲ ಅಣ್ಣ, ಎಂದೆ. ಮಗು ಬೇಕಾದರೆ ಸಂಜೆ ಬರಲಿ, ಒಂದು ಹಿಡಿ ಗರಿಕೆ ಕಿತ್ತುಕೊಂಡು.