ಮುರಿದ ಬಾಗಿಲು, ತೀರದ ಸೇಡು

— ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ

ಮನೆ ಎಂಬುದು ಮನುಷ್ಯನ ಕೊನೆಯ ಆಸರೆ. ಹೊರಗೆ ಎಷ್ಟೇ ಅವಮಾನವಾಗಲಿ, ಒಳಗೆ ಬಂದು ಅಗುಳಿ ಹಾಕಿಕೊಂಡರೆ ಬಡವನೂ ಒಂದು ಗಳಿಗೆ ತಾನೇ ಯಜಮಾನ. ಆ ಬಾಗಿಲನ್ನೇ ಒಡೆದು ದುಷ್ಟರು ಒಳನುಗ್ಗಿದರೆ? ಈ ಭಯವನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಚಲಚ್ಚಿತ್ರಗಳು ತಯಾರಾಗುತ್ತ ಬಂದಿವೆ. ಅವುಗಳಲ್ಲಿ ಹಲವು, ಅಲ್ಪ ವೆಚ್ಚದಲ್ಲಿ ಹಿಂಸೆಯನ್ನೂ ಅಶ್ಲೀಲವನ್ನೂ ತೋರಿಸಿ ಹಣ ಗಳಿಸಲೆಂದೇ ತೆಗೆದವು. ಇವನ್ನು ಎಕ್ಸ್‌ಪ್ಲಾಯ್ಟೇಶನ್ ಚಿತ್ರಗಳೆಂದು ಕರೆಯುತ್ತಾರೆ. ಇಂಥ ಕೀಳು ಅಭಿರುಚಿಯ ವಸ್ತುವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸುವುದು ತರವೇ ಎಂದು ಗುರುಗಳು ಹುಬ್ಬೇರಿಸಬಹುದು. ಆದರೆ ಇಂದು ಆ ಚಿತ್ರಗಳನ್ನು ನೋಡಲು ಯಾವ ಟಾಕೀಸಿಗೂ ಹೋಗಬೇಕಿಲ್ಲ. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ, ಅಂಗೈಯಗಲದ ಫೋನಿನಲ್ಲಿ ಅವು ಸಿಕ್ಕುತ್ತವೆ. ನೋಡುವುದು ತಪ್ಪದ ಮೇಲೆ, ನೋಡಿದ್ದನ್ನು ತೂಗಿ ನೋಡುವುದನ್ನಾದರೂ ಕಲಿಯಬೇಡವೆ?

1977ರಲ್ಲಿ ತೆರೆಕಂಡ 'ಫೈಟ್ ಫಾರ್ ಯುವರ್ ಲೈಫ್' ಎಂಬ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ನಿರ್ದೇಶಕರು ರಾಬರ್ಟ್ ಎಂಡೆಲ್ಸನ್. ಸೆರೆಯಿಂದ ತಪ್ಪಿಸಿಕೊಂಡ ಮೂವರು ಕೈದಿಗಳು ಟರ್ನರ್ ಎಂಬ ಕಪ್ಪು ಜನಾಂಗದ ಪಾದ್ರಿಯ ಮನೆಗೆ ನುಗ್ಗಿ, ಮನೆಮಂದಿಯನ್ನೆಲ್ಲ ಒತ್ತೆಯಲ್ಲಿಡುತ್ತಾರೆ. ಅವರ ಮುಂದಾಳು ಜೆಸ್ಸಿ ಲೀ ಕೇನ್ ಎಂಬ ಬಿಳಿಯ. ಗಾಲಿಕುರ್ಚಿಯಲ್ಲಿ ಕುಳಿತ ಅಜ್ಜಿಯಿಂದ ಹಿಡಿದು ಎಳೆಯ ಹುಡುಗನವರೆಗೆ ಎಲ್ಲರೂ ಅವನ ಬಾಯಿಯಿಂದ ಮೈಬಣ್ಣದ ಬೈಗುಳಗಳನ್ನು ಕೇಳಬೇಕು. ಮಗಳ ಮೇಲೆ ಅತ್ಯಾಚಾರವಾಗುತ್ತದೆ. ಸಹನೆಯನ್ನು ಬೋಧಿಸುತ್ತಿದ್ದ ಪಾದ್ರಿ ಕೊನೆಗೆ ತಾನೇ ಆಯುಧ ಹಿಡಿದು ಕೇನನನ್ನು ಕೊಲ್ಲುತ್ತಾನೆ. ಅಲ್ಲಿಗೆ ಚಿತ್ರ ಮುಗಿಯಿತು. 1981ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಲಿ ಇದಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿತು. ಮುಂದೆ ಅಲ್ಲಿ 'ವಿಡಿಯೊ ನ್ಯಾಸ್ಟಿ' ಎಂದು ಕುಖ್ಯಾತವಾದ ಚಿತ್ರಗಳ ಪಟ್ಟಿಯಲ್ಲಿಯೂ ಇದು ಸೇರಿತು.

ಈ ಚಿತ್ರವನ್ನು ಸಮರ್ಥಿಸುವವರೂ ಇದ್ದಾರೆ. ವರ್ಣದ್ವೇಷಿ ಕೊನೆಗೆ ಸಾಯುತ್ತಾನಲ್ಲ, ಆದುದರಿಂದ ಇದು ವರ್ಣದ್ವೇಷವನ್ನು ವಿರೋಧಿಸುವ ಚಿತ್ರವೇ ಅಲ್ಲವೇ ಎಂಬುದು ಅವರ ವಾದ. ಮೇಲುನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಆದರೆ ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ಸೇಡಿಗೆ ಮೀಸಲಾದುದು ಕೊನೆಯ ಭಾಗ ಮಾತ್ರ. ಉಳಿದ ಹೊತ್ತೆಲ್ಲ ಅವಮಾನದ್ದೇ ಪ್ರದರ್ಶನ. ಅಂಗಡಿಯವನು ಯಾವ ಸರಕನ್ನು ಮುಂದೆ ಜೋಡಿಸಿಟ್ಟಿದ್ದಾನೆ ಎಂದು ನೋಡಿದರೆ ಅವನ ವ್ಯಾಪಾರ ಯಾವುದೆಂದು ತಿಳಿಯುತ್ತದೆ. ಇಲ್ಲಿ ಮಾರಾಟಕ್ಕಿಟ್ಟಿರುವುದು ಬೈಗುಳ. ಸೇಡು ಆ ಸರಕಿಗೆ ಸುತ್ತಿದ ಕಾಗದ. ಬೈಗುಳವನ್ನು ಮನಸಾರೆ ಕೇಳಿ ಆನಂದಿಸಿದ ಪ್ರೇಕ್ಷಕನೂ ಕೊನೆಯಲ್ಲಿ ಚಪ್ಪಾಳೆ ತಟ್ಟಿ, ತಾನು ನ್ಯಾಯದ ಪಕ್ಷದವನೆಂದು ಬೀಗುತ್ತ ಹೊರಬರಬಹುದು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ವರ್ಣದ್ವೇಷವೆಂದರೆ ಒಬ್ಬ ಬಾಯಿಬಡುಕ ಕೈದಿಯ ದುರ್ಗುಣ ಎಂಬ ಭಾವನೆಯನ್ನು ಇಂಥ ಚಿತ್ರಗಳು ಬಿತ್ತುತ್ತವೆ. ಚರಿತ್ರೆ ಹೇಳುವುದು ಬೇರೆ. 1955ರ ಆಗಸ್ಟ್ 28ರ ರಾತ್ರಿ ಮಿಸಿಸಿಪಿ ರಾಜ್ಯದ ಮನಿ ಎಂಬ ಊರಿನಲ್ಲಿ, ಮೋಸ್ ರೈಟ್ ಎಂಬ ಕಪ್ಪು ರೈತನ ಮನೆಗೆ ಇಬ್ಬರು ಬಿಳಿಯರು ಪಿಸ್ತೂಲು ಹಿಡಿದು ಬಂದರು. ಷಿಕಾಗೋದಿಂದ ನೆಂಟರ ಮನೆಗೆಂದು ಬಂದಿದ್ದ ಎಮೆಟ್ ಟಿಲ್ ಎಂಬ 14 ವರ್ಷದ ಬಾಲಕನನ್ನು ಹಾಸಿಗೆಯಿಂದೆಬ್ಬಿಸಿ ಎಳೆದೊಯ್ದರು. ಮೂರು ದಿನಗಳ ಮೇಲೆ ಅವನ ಶವ ಟಲ್ಲಹಾಚಿ ನದಿಯಲ್ಲಿ ಸಿಕ್ಕಿತು. ಆ ಇಬ್ಬರೂ ಸೆರೆ ಮುರಿದು ಬಂದವರಲ್ಲ, ಊರಿನಲ್ಲಿ ಸಂಸಾರವಂದಿಗರಾಗಿದ್ದವರು. ಮೋಸ್ ರೈಟ್ ತುಂಬಿದ ನ್ಯಾಯಾಲಯದಲ್ಲಿ ಎದ್ದು ನಿಂತು ಅವರನ್ನು ಬೆರಳಿಟ್ಟು ತೋರಿಸಿದರೂ, ಬಿಳಿಯ ಗಂಡಸರೇ ತುಂಬಿದ್ದ ಪಂಚಾಯತರ ಮಂಡಲಿ ಸುಮಾರು ಒಂದು ಗಂಟೆಯಲ್ಲಿ ನಿರ್ದೋಷಿಗಳೆಂದು ತೀರ್ಮಾನಿಸಿತು. ಮರುವರ್ಷ ಅವರೇ ಹಣ ಪಡೆದು, ಕೊಂದವರು ತಾವೇ ಎಂದು ಒಂದು ಪತ್ರಿಕೆಗೆ ಹೇಳಿದರು. ಬಾಗಿಲು ಒಡೆದವರು ಇಬ್ಬರಾದರೂ ಅವರ ಹಿಂದೆ ಒಂದು ನ್ಯಾಯಾಲಯವಿತ್ತು, ಒಂದು ಊರಿತ್ತು. ಕೇನನಂಥ ಒಬ್ಬನನ್ನು ಗುಂಡಿಟ್ಟು ಕೊಂದರೆ ಆ ನ್ಯಾಯಾಲಯಕ್ಕೆ ತಾಕುವುದೇನು?

ಚಲಚ್ಚಿತ್ರವು ಈ ಸತ್ಯವನ್ನು ಆರಂಭದಲ್ಲಿಯೇ ತಲೆಕೆಳಗು ಮಾಡಿತ್ತು ಎಂಬುದನ್ನೂ ನೆನೆಯಬೇಕು. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ತೆಗೆದ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದ ಕೊನೆಯಲ್ಲಿ, ಒಂದು ಗುಡಿಸಲಿನಲ್ಲಿ ಅಡಗಿದ ಬಿಳಿಯರನ್ನು ಕಪ್ಪು ಸೈನಿಕರು ಮುತ್ತುತ್ತಾರೆ. ಅವರನ್ನು ರಕ್ಷಿಸಲು ಕುದುರೆಯೇರಿ ಬರುವ ವೀರರು ಯಾರು? ಬಿಳಿಯ ಮುಸುಕು ತೊಟ್ಟ ಕೂ ಕ್ಲಕ್ಸ್ ಕ್ಲಾನ್ ಪಂಗಡದವರು! ನಿಜಜೀವನದಲ್ಲಿ ಕಪ್ಪು ಜನರ ಮನೆಗಳಿಗೆ ರಾತ್ರಿ ಹೊತ್ತು ನುಗ್ಗಿ ಕೊಲ್ಲುತ್ತಿದ್ದ ಪಂಗಡವೇ ಪರದೆಯ ಮೇಲೆ ಮನೆಯ ಕಾವಲಾಯಿತು. ಅಧ್ಯಕ್ಷ ವುಡ್ರೋ ವಿಲ್ಸನ್ನರ ಶ್ವೇತಭವನದಲ್ಲಿಯೇ ಇದರ ಪ್ರದರ್ಶನ ನಡೆಯಿತು. ಅದೇ ವರ್ಷ, ಅಳಿದುಹೋಗಿದ್ದ ಆ ಪಂಗಡ ಜಾರ್ಜಿಯಾ ರಾಜ್ಯದಲ್ಲಿ ಮತ್ತೆ ಹುಟ್ಟಿತು. ಚಿತ್ರ ಬರೀ ಚಿತ್ರ ಎನ್ನುವವರು ಈ ಸಂಗತಿಯನ್ನು ಮರೆಯಬಾರದು. 1977ರ ಚಿತ್ರ ಪಾತ್ರಗಳ ಬಣ್ಣವನ್ನು ಅದಲುಬದಲು ಮಾಡಿತು, ನಿಜ. ಆದರೆ ಶತ್ರುವನ್ನು ಮೊದಲು ರಾಕ್ಷಸನನ್ನಾಗಿ ಮಾಡು, ಬಳಿಕ ಅವನ ಸಾವನ್ನು ಹಬ್ಬವಾಗಿ ಮಾಡು ಎಂಬ ಗ್ರಿಫಿತ್ತನ ಅಚ್ಚು ಹಾಗೆಯೇ ಉಳಿಯಿತು.

ಇಲ್ಲಿ ನನ್ನ ಕೊಠಡಿಯ ಗೆಳೆಯರೊಬ್ಬರು ಎತ್ತಿದ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. "ನ್ಯಾಯಾಲಯವೇ ಕೈಬಿಟ್ಟ ಜನಕ್ಕೆ ಪರದೆಯ ಮೇಲಾದರೂ ಒಂದು ಜಯ ಬೇಡವೇ? ಹೊಟ್ಟೆ ತುಂಬಿದವರು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗಾಯಿತಲ್ಲ ನಿಮ್ಮ ಮಾತು," ಎಂದರು ಅವರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ತಲೆತಲಾಂತರದಿಂದ ತಲೆ ತಗ್ಗಿಸಿ ಬಂದ ಮನೆತನಗಳಲ್ಲಿ ಹುಟ್ಟಿದವರಿಗೆ, ತಗ್ಗಿದ ತಲೆ ಒಮ್ಮೆ ಮೇಲೆದ್ದುದನ್ನು ಕಂಡಾಗ ಆಗುವ ಹಿಗ್ಗು ಎಂಥದೆಂದು ಗೊತ್ತು. ನನಗೂ ಗೊತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ.

ಆದರೆ ರಜೆಯಲ್ಲಿ ಈ ಕಥೆಯನ್ನು ನಮ್ಮವ್ವನಿಗೆ ಹೇಳಿದಾಗ, ಅಕ್ಷರ ಬಾರದ ಅವಳು ಅವರೆಕಾಯಿ ಸುಲಿಯುತ್ತಲೇ ಕೇಳಿದ ಮಾತು ಇದು: "ಅವನು ಸತ್ತ, ಸರಿ ಮಗ. ಆ ಹೆಣ್ಣುಮಗು ಆಮೇಲೆ ಏನಾಯ್ತು?" ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಆ ಹುಡುಗಿಯ ನೋವು ಸೇಡಿನ ಒಲೆಗೆ ಸೌದೆ ಮಾತ್ರ. ಬೆಂಕಿ ಹತ್ತಿದ ಮೇಲೆ ಸೌದೆಯನ್ನು ಕೇಳುವವರಾರು? ಸೇಡಿನ ಚಿತ್ರಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸೇರು ನನಗೆ ಇದುವರೆಗೆ ಸಿಕ್ಕಿಲ್ಲ.

ಸೇಡಿನ ಕಥೆ ನಮಗೇನು ಹೊಸದಲ್ಲ. ತಂದೆಯ ಕೊಲೆಗೆ ಸೇಡೆಂದು ಅಶ್ವತ್ಥಾಮ ನಡುರಾತ್ರಿಯಲ್ಲಿ ಪಾಂಡವರ ಪಾಳೆಯವನ್ನು ಹೊಕ್ಕು, ಮಲಗಿದ್ದ ಮಕ್ಕಳನ್ನು ಕೊಂದ. ಅವನನ್ನು ಕಟ್ಟಿ ತಂದು ಎದುರಿಗೆ ನಿಲ್ಲಿಸಿದಾಗ, ಐವರು ಮಕ್ಕಳನ್ನು ಕಳೆದುಕೊಂಡ ದ್ರೌಪದಿ, ಇವನ ತಾಯಿಯೂ ನನ್ನಂತೆ ಅಳುವುದು ಬೇಡ, ಬಿಟ್ಟುಬಿಡಿ ಎಂದಳೆಂದು ಭಾಗವತ ಹೇಳುತ್ತದೆ. ಹೀಗೆಂದವಳು ಅವಮಾನವನ್ನು ನುಂಗಿಕೊಂಡು ಸುಮ್ಮನಿದ್ದ ಹೆಣ್ಣಲ್ಲ. ಬಿಚ್ಚಿದ ಮುಡಿಯ ದ್ರೌಪದಿ! ಸೇಡಿನ ರುಚಿಯನ್ನು ಪೂರ್ತಿ ಕಂಡವಳೇ ಅದರ ಲೆಕ್ಕ ಎಂದೂ ಮುಗಿಯದೆಂದು ತಿಳಿದಳು.

ಸೇಡು ಬೇಡವೆಂದರೆ ಏಟು ತಿಂದು ಕುಳಿತಿರಬೇಕೆಂದು ಅರ್ಥವಲ್ಲ. 1956ರ ಜನವರಿ 30ರಂದು ಮಾಂಟ್ಗೊಮೆರಿ ನಗರದಲ್ಲಿ ಪಾದ್ರಿ ಮಾರ್ಟಿನ್ ಲೂಥರ್ ಕಿಂಗರ ಮನೆಯ ಮೇಲೆ ಬಾಂಬು ಬಿತ್ತು. ಒಳಗೆ ಮಡದಿ ಮತ್ತು ಹಸುಗೂಸು ಇದ್ದರು, ಪುಣ್ಯಕ್ಕೆ ಗಾಯವಾಗಲಿಲ್ಲ. ಕೈಗೆ ಸಿಕ್ಕ ಆಯುಧ ಹಿಡಿದು ನೆರೆದಿದ್ದ ಕಪ್ಪು ಜನರಿಗೆ ಕಿಂಗರು, ಆಯುಧಗಳನ್ನು ಮನೆಗೆ ಒಯ್ಯಿರಿ ಎಂದು ಹೇಳಿ ಕಳುಹಿಸಿದರು. ಅವರೂ ಹುಲುಮಾನವರೇ, ಅದೇ ವರ್ಷ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿ ನಿರಾಕರಣೆ ಪಡೆದಿದ್ದರು. ಮನೆಯನ್ನು ಕಾಯುವುದು ಬೇರೆ, ಸೇಡು ಬೇರೆ ಎಂಬುದನ್ನು ಅವರು ಅರಿತಿದ್ದರು. 381 ದಿನಗಳ ಬಸ್ ಬಹಿಷ್ಕಾರ ಬಿಡದೆ ನಡೆಯಿತು. ಆ ವರ್ಷದ ಕೊನೆಗೆ ನಗರದ ಬಸ್ಸುಗಳಲ್ಲಿ ವರ್ಣಭೇದದ ಕಾನೂನೇ ಬಿದ್ದುಹೋಯಿತು. ಬಾಂಬೆಸೆದವನನ್ನು ಕೊಂದಿದ್ದರೆ ಒಬ್ಬ ಸಾಯುತ್ತಿದ್ದ, ಕಾನೂನು ಬದುಕಿರುತ್ತಿತ್ತು.

ಹಾಗಾದರೆ ಇಂಥ ಚಿತ್ರಗಳನ್ನು ನಿಷೇಧಿಸಬೇಕೇ? ನಿಷೇಧ ಅವುಗಳ ಕೀರ್ತಿಯನ್ನು ಹೆಚ್ಚಿಸುತ್ತದೆಯೇ ಹೊರತು ಬೇರೇನನ್ನೂ ಸಾಧಿಸದು. ಬ್ರಿಟನ್ನಿನ ಆ ಪಟ್ಟಿಯನ್ನು ಇಂದಿಗೂ ಕುತೂಹಲಿಗಳು ಹುಡುಕಿಕೊಂಡು ನೋಡುತ್ತಾರೆ. ಚಿತ್ರಕ್ಕೆ ಚಿತ್ರವೇ ಉತ್ತರ ಹೇಳಬೇಕು. ಗುಲಾಮಗಿರಿ ಕಂಡ ಮನೆತನದಲ್ಲಿ ಹುಟ್ಟಿದ ಆಸ್ಕರ್ ಮಿಷೋ 1920ರಲ್ಲಿ 'ವಿದಿನ್ ಅವರ್ ಗೇಟ್ಸ್' ಎಂಬ ಮೂಕಚಿತ್ರವನ್ನು ತೆಗೆದು, ದಂಗೆಯ ಗುಂಪು ನಿಜವಾಗಿ ಯಾರ ಸಂಸಾರವನ್ನು ಹಾಳುಮಾಡುತ್ತಿತ್ತೆಂಬುದನ್ನು ತೋರಿಸಿದರು. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ ಡ್ವೇನ್ ಜೋನ್ಸ್ ನಟಿಸಿದ ಕಪ್ಪು ತರುಣ ರಾತ್ರಿಯಿಡೀ ಒಂದು ಮನೆಯನ್ನು ಪ್ರೇತಗಳಿಂದ ಕಾದು ಬದುಕಿ ಉಳಿಯುತ್ತಾನೆ. ಬೆಳಗಾದ ಮೇಲೆ ರಕ್ಷಣೆಗೆಂದು ಬಂದ ಬಿಳಿಯರ ಗುಂಪು ಅವನನ್ನೇ ಪ್ರೇತವೆಂದು ಬಗೆದು ಗುಂಡಿಟ್ಟು ಕೊಲ್ಲುತ್ತದೆ. ಮೈಬಣ್ಣದ ಒಂದು ಬೈಗುಳವೂ ಇಲ್ಲ, ಸೇಡೂ ಇಲ್ಲ. ಆದರೂ ನೋಡಿದವನಿಗೆ ಎಲ್ಲವೂ ಅರ್ಥವಾಗುತ್ತದೆ. ಇದೂ ಅಲ್ಪ ಬಂಡವಾಳದ ಚಿತ್ರವೇ. ಕೊರತೆ ಹಣದ್ದಲ್ಲ, ದೃಷ್ಟಿಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಿಂಸೆಯನ್ನು ತೋರಿಸಲೇಬಾರದೆಂಬುದು ನನ್ನ ವಾದವಲ್ಲ. ಎಮೆಟ್ ಟಿಲ್ಲನ ತಾಯಿ ಮೇಮಿ ಟಿಲ್ ತನ್ನ ಮಗನ ಜಜ್ಜಿಹೋದ ಮುಖವನ್ನು ಮುಚ್ಚಲು ಒಪ್ಪಲಿಲ್ಲ. ಶವಪೆಟ್ಟಿಗೆಯನ್ನು ತೆರೆದೇ ಇಟ್ಟು, ಆದುದನ್ನು ಲೋಕವೆಲ್ಲ ನೋಡಲಿ ಎಂದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು. 2022ರ ಮಾರ್ಚ್ ತಿಂಗಳಿನಲ್ಲಿ, ಗುಂಪುಕೊಲೆಯನ್ನು ಒಕ್ಕೂಟದ ಮಟ್ಟದಲ್ಲಿ ದ್ವೇಷಾಪರಾಧವೆಂದು ಸಾರಿದ ಅಮೆರಿಕದ ಕಾನೂನಿಗೆ ಆ ಬಾಲಕನ ಹೆಸರನ್ನೇ ಇಡಲಾಯಿತು. ಆ ತಾಯಿ ತೋರಿಸಿದ್ದೂ ಹಿಂಸೆಯ ಗುರುತನ್ನೇ, ಆ ಚಿತ್ರಗಳು ತೋರಿಸುವುದೂ ಹಿಂಸೆಯನ್ನೇ. ಒಂದನ್ನು ನೋಡಿದವರು ಸುಮ್ಮನೆ ಮನೆಗೆ ಹೋಗಲಾರದೆ ಹೋದರು. ಇನ್ನೊಂದನ್ನು ನೋಡಿದವರು ಲೆಕ್ಕ ತೀರಿತೆಂದು ನೆಮ್ಮದಿಯಿಂದ ಮಲಗುತ್ತಾರೆ. ಸಹಪಾಠಿಗಳೇ, ಮುಂದೆ ಇಂಥ ಚಿತ್ರವೊಂದು ಕಣ್ಣಿಗೆ ಬಿದ್ದರೆ ನೋಡಬೇಡಿ ಎಂದು ನಾನು ಹೇಳಲಾರೆ. ನೋಡಿ ಮುಗಿಸಿದ ಮೇಲೆ ನಿದ್ರೆ ಹೇಗೆ ಬಂತೆಂಬುದನ್ನು ಮಾತ್ರ ನಿಮ್ಮನ್ನು ನೀವೇ ಕೇಳಿಕೊಳ್ಳಿ.