ಟೈಮ್‌ಪಾಸ್ ಅಲ್ಲ, ಕುಲಾವಿ!

ಹೆಣಿಗೆ ಎಂದರೆ ಬಿಡುವಿದ್ದವರ ಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನೂ ತಯಾರು ಮಾಡಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಹಾಗಾಗಿ ನೆಂಟರ ಮನೆಯಿಂದ ಸುದ್ದಿ ಬಂದ ಮೇಲೆಯೇ ಅಮ್ಮ ಕಡ್ಡಿ ಹಿಡಿಯುವುದು. 11ನೇ ದಿನದ ನಾಮಕರಣಕ್ಕೆ ಉಲ್ಲನ್ ಕುಲಾವಿ, ಕಾಲುಚೀಲ ರೆಡಿ ಇರಬೇಕು. ನಡುವೆ ಆಫೀಸು, ಅಡುಗೆ, ನನ್ನ ಲಂಚ್ ಬಾಕ್ಸ್. ಬಸ್ಸಿನಲ್ಲಿ ಸೀಟು ಸಿಕ್ಕರೆ ನಾಲ್ಕು ಸಾಲು, ಸಾರು ಕುದಿಯುವಷ್ಟರಲ್ಲಿ ಎರಡು. ಸೀದಾ, ಉಲ್ಟಾ ಎಂಬ ಎರಡೇ ಬಗೆಯ ಹೆಣಿಗೆಯಲ್ಲಿ ಎಷ್ಟೊಂದು ಡಿಸೈನ್! ಕಾಲೇಜಿನಲ್ಲಿ ನಾವು ಓದುವ ಸೊನ್ನೆ-ಒಂದರ ಲೆಕ್ಕವೂ ಹೀಗೇ. ಡಿಗ್ರಿ ಮಾತ್ರ ನಮಗೆ. ‘ಆನ್‌ಲೈನ್‌ನಲ್ಲಿ 200 ರೂಪಾಯಿಗೆ ಸಿಗುತ್ತಲ್ಲಾ’ ಎನ್ನುವವರು ಹೆಣೆಯುವವರ ಮನೆಯ ಪಾತ್ರೆಗಳನ್ನಾದರೂ ತೊಳೆದುಕೊಡಲಿ. ನಮ್ಮ ಮನೆಯಲ್ಲಿ ಆ ಕೆಲಸ ಈಗ ನನ್ನದು.