ಲಾರಿಗೂ ಮಂಡಿ ನೋವು

ಮಕ್ಕಳೇ, ಜಾತ್ರೆಯ ತೇರು ಬೀದಿಯ ತಿರುವಿನಲ್ಲಿ ಹೇಗೆ ಹೊರಳುತ್ತದೆ ಎಂದು ಗಮನಿಸಿದ್ದೀರಾ? ಅದರ ಗಾಲಿಗಳು ತಾವಾಗಿ ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ. ಅನುಭವಸ್ಥರು ಗಾಲಿಗೆ ಕಟ್ಟಿಗೆಯ ಸನ್ನೆ ಕೊಟ್ಟು, ಒಂದು ಬದಿಯನ್ನು ತಡೆದು, ಇಡೀ ತೇರನ್ನೇ ಸರಿಸುತ್ತಾರೆ. ಚಕ್ಕಡಿಗೆ ಆ ಕಷ್ಟವಿಲ್ಲ. ಎರಡೇ ಗಾಲಿ, ಎತ್ತು ಹೊರಳಿದ ಕಡೆ ಅದೂ ಹೊರಳುತ್ತದೆ. ನಾಲ್ಕು ಗಾಲಿ, ಮೇಲೆ ಟನ್ನುಗಟ್ಟಲೆ ಭಾರ ಇದ್ದಾಗಲೇ ಬುದ್ಧಿ ಖರ್ಚು ಮಾಡಬೇಕಾಗುತ್ತದೆ.

ಗಾಡಿ ತಿರುಗುವಾಗ ಒಳಬದಿಯ ಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಬದಿಯದು ದೊಡ್ಡ ಸುತ್ತು. ಆದ್ದರಿಂದ ಒಳಗಾಲಿ ಹೆಚ್ಚು ಹೊರಳಬೇಕು, ಹೊರಗಾಲಿ ತುಸು ಕಡಿಮೆ. ಇದಕ್ಕೆ ಮ್ಯೂನಿಕ್ ನಗರದ ಗಾಡಿ ತಯಾರಕ ಲ್ಯಾಂಕೆನ್‌ಸ್ಪೆರ್ಗರ್ ಒಂದು ಉಪಾಯ ಕಂಡುಕೊಂಡ. 1818ರಲ್ಲಿ ಇಂಗ್ಲೆಂಡಿನಲ್ಲಿ ರುಡಾಲ್ಫ್ ಆಕರ್ಮನ್ ಅದಕ್ಕೆ ಪೇಟೆಂಟ್ ಪಡೆದ. ಕುದುರೆ ಗಾಡಿಗೆಂದು ಹುಟ್ಟಿದ ಆ ಲೆಕ್ಕವೇ ಇಂದು ಮೋಟೆಬೆನ್ನೂರು ದಾಟಿ ಹೆದ್ದಾರಿಯಲ್ಲಿ ಓಡುವ ಲಾರಿಗಳಲ್ಲೂ ಇದೆ.

ನಮ್ಮ ಕಾಗಿನೆಲೆಯ ಓಣಿಯಲ್ಲಿ ಒಂದು ಹಳೆಯ ಲಾರಿ ಇದೆ. ಅಪ್ಪ ಓಡಿಸುತ್ತಿದ್ದುದನ್ನು ಈಗ ಮಗ ಓಡಿಸುತ್ತಾನೆ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊರುವುದೇ ಆ ಮನೆಯ ಮುಖ್ಯ ದುಡಿಮೆ. ಈ ಸಲ ಸ್ಟೇರಿಂಗ್ ತಿರುಗಿಸಿದರೆ ಲಾರಿ ಒಂದು ಗಳಿಗೆ ಯೋಚಿಸಿ ಆಮೇಲೆ ಹೊರಳುತ್ತಿತ್ತು. ಮಗ, ಅವನ ಇಬ್ಬರು ಗೆಳೆಯರು, ಗ್ಯಾರೇಜಿನಲ್ಲಿ ಪಳಗಿದ ಒಬ್ಬ ಮಿಸ್ತ್ರಿ ಸೇರಿ ಮನೆಯ ಮುಂದೆಯೇ ಅದರ ಮುಂಭಾಗ ಬಿಚ್ಚಿದರು. ಬ್ಯಾಂಕಿನಲ್ಲಿ ಲಾರಿ ಸಾಲದ ಲೆಡ್ಜರ್ ಬರೆದ ನಾನು ಕುರ್ಚಿ ಹಾಕಿಕೊಂಡು ಕುಳಿತೆ. ಗಾಲಿ ನಿಂತರೆ ಕಂತೂ ನಿಲ್ಲುತ್ತದೆ ಎಂಬಷ್ಟು ನನಗೂ ಗೊತ್ತು.

ಮೊದಲು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ, ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿದರು. ಬರೀ ಜಾಕ್ ನಂಬಿ ಯಾರೂ ಲಾರಿಯ ಕೆಳಗೆ ನುಸುಳಬಾರದು. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದಿತು. ಒಬ್ಬ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದರು. ಒತ್ತಿದರೂ ಅಲುಗಾಟ ಹಾಗೇ ಇತ್ತು. "ಬೇರಿಂಗ್ ಸಡ್ಲಾಗಿದ್ರ ಈಗ ನಿಲ್ತಿತ್ತು. ಇದು ಕಿಂಗ್ ಪಿನ್ನಿನ ಆಟ ಐತ್ರಿ ಕಾಕಾ" ಎಂದು ಮಿಸ್ತ್ರಿ ನನಗೂ ತಿಳಿಸಿದ.

ಕಿಂಗ್ ಪಿನ್ ಎಂದರೆ ಅಚ್ಚಿನ ತುದಿಯನ್ನೂ ಗಾಲಿ ಹೊತ್ತ ತುಂಡನ್ನೂ ಜೋಡಿಸುವ ಉಕ್ಕಿನ ಗೂಟ. ಅದರ ಮೇಲೂ ಕೆಳಗೂ ಒಂದೊಂದು ಬುಶ್. ಗ್ರೀಸ್ ಆರಿದರೆ ಬುಶ್ ಸವೆಯುತ್ತದೆ. ನಮ್ಮಂಥ ಮುದುಕರ ಮಂಡಿಯ ಕಥೆಯೇ. ಹೊಸ ಬುಶ್ ಹೊಡೆದು ಕೂರಿಸಿದರೆ ಸಾಲದು. ಎರಡರ ರಂಧ್ರವೂ ಒಂದೇ ಸಾಲಿಗೆ ಬರುವಂತೆ ರೀಮರ್ ಆಡಿಸಬೇಕು. ಅದಕ್ಕಾಗಿ ಆ ಭಾಗಗಳನ್ನು ರಾಣೆಬೆನ್ನೂರಿನ ಲೇಥ್ ಕೆಲಸದವರ ಬಳಿ ಒಯ್ದರು. ಮನೆಯ ಅಂಗಳದ ಕೆಲಸಕ್ಕೂ ಒಂದು ಗಡಿ ಇದೆ.

ಕಮಾನು ಪಾಟಾಗಳನ್ನೂ ಬಿಚ್ಚಿದರು. ಉದ್ದದಿಂದ ಗಿಡ್ಡಕ್ಕೆ ಜೋಡಿಸಿದ ಉಕ್ಕಿನ ಪಟ್ಟಿಗಳವು. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡಲು ಒಂದು ತುದಿಯಲ್ಲಿ ತೂಗಾಡುವ ಶ್ಯಾಕಲ್ ಇರುತ್ತದೆ. ಮುರಿದ ಒಂದು ಪಟ್ಟಿಯನ್ನು ಬದಲಾಯಿಸಿದರು. ಯು-ಬೋಲ್ಟುಗಳೂ ಹೊಸವು, ಲಾರಿ ಭಾರ ಹೊತ್ತು ಓಡಿದ ಮೇಲೆ ಅವನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ಜಗಳ ಹತ್ತಿದ್ದು ಸ್ಟೇರಿಂಗ್ ತೋಳಿನ ವಿಷಯಕ್ಕೆ. ತೊಳೆದಾಗ ಅದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಹೊಸದು ಬರಲು ನಾಲ್ಕು ದಿನ. ಬಾಡಿಗೆ ಮಾತಾಗಿದ್ದು ನಾಳಿದ್ದಿಗೆ. "ವೆಲ್ಡಿಂಗ್ ಹೊಡಸೂಣು, ಒಂದ ಟ್ರಿಪ್ ಆಗ್ಲಿ" ಎಂದ ಮಗ. ಮಿಸ್ತ್ರಿ ಪಾನಾ ಕೆಳಗಿಟ್ಟ. "ತಮ್ಮಾ, ಬಾಡಿಗಿ ಮತ್ತ ಬರ್ತೈತಿ. ಎದುರಿಗೆ ಬರೋ ಮಂದಿಗೆ ನಿನ್ನ ಬೆಸಿಗಿ ಗೊತ್ತಿರಂಗಿಲ್ಲ."

ಅವನ ಮಾತಿಗೆ ಕಾರಣವಿದೆ. ಕಾಯಿಸಿ ಬೆಸೆದರೆ ಉಕ್ಕಿನ ಹದ ಕೆಡುತ್ತದೆ. ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ಸೀಳಬಹುದು. ಬ್ರೇಕ್ ಸೋತರೆ ಗೇರ್ ಇಳಿಸಿ ನೋಡಬಹುದು, ಹ್ಯಾಂಡ್ ಬ್ರೇಕ್ ಎಳೆಯಬಹುದು. ಸ್ಟೇರಿಂಗ್ ತೋಳು ತುಂಡಾದರೆ ಚಾಲಕನ ಕೈಯಲ್ಲಿ ಬರೀ ಚಕ್ರ ಉಳಿಯುತ್ತದೆ. ಮಗನ ಅವ್ವ ಹೊಸ್ತಿಲಿಗೆ ಬಂದು, "ಆ ಬಾಡಿಗಿ ಬ್ಯಾರೆಯವ್ರು ಹೊಡೀಲಿ ಬಿಡು" ಎಂದರು. ಸುಗ್ಗಿಯ ಮೊದಲ ಟ್ರಿಪ್ ಕೈಬಿಟ್ಟಿತು. ಮನೆಯಲ್ಲಿ ಅದರ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಮರುಮಾತು ಯಾರೂ ಆಡಲಿಲ್ಲ.

ಹೊಸ ತೋಳು ಬಂದ ಮೇಲೆ ಉಳಿದದ್ದು ನನಗೆ ಇಷ್ಟವಾದ ಕೆಲಸ, ತಾಳೆ ನೋಡುವುದು. ಎರಡೂ ಮುಂಗಾಲಿಗಳ ಟೈರಿಗೆ ಸುಣ್ಣದ ಗುರುತು ಹಾಕಿ, ಮುಂಬದಿಯಲ್ಲಿ ಅವುಗಳ ಅಂತರ ಅಳೆದರು. ಗಾಲಿ ಅರ್ಧ ಸುತ್ತು ಉರುಳಿಸಿ ಅದೇ ಗುರುತನ್ನು ಹಿಂಬದಿಯಲ್ಲಿ ಅಳೆದರು. ಮುಂದಿನ ಅಳತೆ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಟೈ ರಾಡ್ ತಿರುಗಿಸಿ ಅದನ್ನು ಹೊಂದಿಸುತ್ತಾರೆ. ತಪ್ಪಿದರೆ ಟೈರು ರಸ್ತೆಗೆ ಉಜ್ಜಿ ಬೇಗ ಸವೆಯುತ್ತದೆ. ಕೊನೆಗೆ ನಟ್ಟುಗಳಿಗೆ ಹೊಸ ಸ್ಪ್ಲಿಟ್ ಪಿನ್. ಹಳೆಯದನ್ನೇ ನೆಟ್ಟಗೆ ಮಾಡಿ ತುರುಕುವ ಉಳಿತಾಯ ಬೇಡ.

ಮನೆಯಲ್ಲಿ ಟ್ರ್ಯಾಕ್ಟರ್, ಟೆಂಪೊ, ಲಾರಿ ಇರುವ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಗಾಡಿ ನಿಂತಿರುವಾಗ, ದೊಡ್ಡವರ ಜೊತೆಗೆ, ಮುಂಗಾಲಿಗಳ ಹತ್ತಿರ ಗ್ರೀಸ್ ನಿಪ್ಪಲ್ ಎಷ್ಟಿವೆ ಎಂದು ಎಣಿಸಿ. ಒಂದು ವಹಿಯಲ್ಲಿ ಬರೆದು, ಗ್ರೀಸ್ ತುಂಬಿಸಿದ ತಾರೀಖನ್ನು ಎದುರಿಗೆ ನಮೂದಿಸಿ. ಅಪ್ಪ "ನಾಳೆ ನೋಡಿದರಾಯ್ತು" ಎಂದರೆ ಆ ವಹಿ ತೆಗೆದು ತೋರಿಸಿ.